ಗಾಡಿ ಮೊದಲು, ಪಾಠ ಆಮೇಲೆ

ಗೋದಾಮಿನ ಬಾಗಿಲಲ್ಲಿ ಹತ್ತು ನಿಮಿಷ ನಿಂತು ನೋಡಿದವರಿಗೆ ಫೋರ್ಕ್‌ಲಿಫ್ಟ್ ಒಂದು ಆಟಿಕೆಯಂತೆ ಕಾಣಿಸುತ್ತದೆ. ಮುಂದೆ ಎರಡು ಕಬ್ಬಿಣದ ನಾಲಿಗೆ, ಅವುಗಳ ಹಿಂದೆ ಏರಿ ಇಳಿಯುವ ಕಂಬ, ಕಂಬದ ಹಿಂದೆ ಒಂದು ಸೀಟು, ಸೀಟಿನ ಮೇಲೆ ಸರಳುಗಳ ಚಪ್ಪರ. ಲಾರಿ ತಿರುಗಲು ಬೀದಿಯಗಲ ಬೇಕು, ಇದು ನಿಂತಲ್ಲೇ ಬುಗುರಿಯಂತೆ ತಿರುಗುತ್ತದೆ. ಐವತ್ತು ಕಿಲೋದ ಇಪ್ಪತ್ತು ಚೀಲಗಳನ್ನು ಒಬ್ಬೊಬ್ಬರೇ ಹಮಾಲರು ಬೆನ್ನ ಮೇಲೆ ಹೊತ್ತು ಇಳಿಸುವ ಕೆಲಸವನ್ನು ಅದು ಒಂದೇ ಸಲಕ್ಕೆ ಮುಗಿಸಿ ಮತ್ತೆ ಬಂದು ನಿಲ್ಲುತ್ತದೆ. ಓಡಿಸುವವನು ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದು ಕೈಯಲ್ಲಿ ಸಣ್ಣ ಹಿಡಿಗಳನ್ನು ಆಡಿಸುತ್ತಿರುತ್ತಾನೆ. ಇದನ್ನು ಕಲಿಯುವುದಕ್ಕೆ ಏನಿದೆ ಎಂದು ಯಾರಿಗಾದರೂ ಅನ್ನಿಸೀತು.

ಆದರೆ ಎರಡೂವರೆ ಟನ್ ಎತ್ತುವ ಇಂಥ ಗಾಡಿ ತಾನೇ ಮೂರೂವರೆ, ನಾಲ್ಕು ಟನ್ ತೂಗುತ್ತದೆ. ಅಂದರೆ ಮೂರು ನಾಲ್ಕು ಸಣ್ಣ ಕಾರುಗಳ ತೂಕವನ್ನು ಒಂದು ಕಾರಿನಷ್ಟು ಜಾಗದಲ್ಲಿ ತುರುಕಿದಂತೆ. ಅದು ಮಗುಚಿಕೊಳ್ಳುವ ಗಳಿಗೆಯಲ್ಲಿ ಚಾಲಕ ಏನು ಮಾಡಬೇಕು? ಹೊರಗೆ ಹಾರಬೇಕೆ, ಸೀಟಿನಲ್ಲೇ ಕೂರಬೇಕೆ? ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಂದು ಬಗೆಯ ಗಾಡಿಯಲ್ಲಿ ಹಾರಿದವನು ಸಾಯುತ್ತಾನೆ, ಇನ್ನೊಂದು ಬಗೆಯದರಲ್ಲಿ ಹೊರಗೆ ಬಾರದವನು ಸಾಯಬಹುದು. ಈ ವ್ಯತ್ಯಾಸವನ್ನು ಚಾಲಕನಿಗೆ ಕಲಿಸಲೇಬೇಕೆಂಬ ನಿಯಮ ಬರೆಯುವ ಹೊತ್ತಿಗೆ ಗಾಡಿ ಹುಟ್ಟಿ ಮುಕ್ಕಾಲು ಶತಮಾನವೇ ಆಗಿಹೋಗಿತ್ತು. ಯಂತ್ರ ಮೊದಲು ಬಂದು, ಅದನ್ನು ನಡೆಸುವವನ ಪಾಠ ಇಷ್ಟು ತಡವಾಗಿ ಬಂದ ಕಥೆಯನ್ನೇ ಇಲ್ಲಿ ಹೇಳಹೊರಟಿರುವುದು.

ಕಥೆ ಅಮೆರಿಕದ ರೈಲುನಿಲ್ದಾಣವೊಂದರಿಂದ ಶುರುವಾಗುತ್ತದೆ. 1906ರಲ್ಲಿ ಪೆನ್ಸಿಲ್ವೇನಿಯಾ ರೈಲ್‌ರೋಡ್ ಕಂಪನಿ ಆಲ್ಟೂನಾ ಎಂಬ ಊರಿನಲ್ಲಿ ಪ್ರಯಾಣಿಕರ ಪೆಟ್ಟಿಗೆಗಳನ್ನು ಸಾಗಿಸಲು ಬ್ಯಾಟರಿಯಿಂದ ನಡೆಯುವ ತಟ್ಟೆಗಾಡಿಗಳನ್ನು ಬಳಸಿತು. ಅವು ಎತ್ತುತ್ತಿರಲಿಲ್ಲ, ಒಯ್ಯುತ್ತಿದ್ದವು ಅಷ್ಟೇ. ಮೊದಲ ಮಹಾಯುದ್ಧ ಗಂಡಸರನ್ನು ಕಾರ್ಖಾನೆಗಳಿಂದ ರಣರಂಗಕ್ಕೆ ಎಳೆದುಕೊಂಡು ಹೋದಾಗ ಹೊರುವ ಕೈಗಳು ಕಡಿಮೆಯಾದವು. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ನೇಗಿಲು ಮಾಡಿ ಹೆಸರಾಗಿದ್ದ ರಾನ್ಸಮ್ಸ್ ಕಂಪನಿ ಸರಕು ಸಾಗಿಸುವ ಯಂತ್ರಗಳತ್ತ ತಿರುಗಿದ್ದು ಆಗಲೇ. ಅತ್ತ ಅಮೆರಿಕದ ಮಿಷಿಗನ್ ರಾಜ್ಯದ ಬುಕಾನನ್‌ನಲ್ಲಿ ಅಚ್ಚುಗಳನ್ನು ತಯಾರಿಸುತ್ತಿದ್ದ ಕ್ಲಾರ್ಕ್ ಕಂಪನಿ 1917ರಲ್ಲಿ ತನ್ನ ಕಾರ್ಖಾನೆಯೊಳಗಿನ ಸಾಗಾಟಕ್ಕೆಂದು ಎಂಜಿನ್ ಇರುವ ಒಂದು ಗಾಡಿ ಕಟ್ಟಿಕೊಂಡಿತು. ಮಾರುವ ಯೋಚನೆಯೇ ಇರಲಿಲ್ಲ. ಅಚ್ಚು ಕೊಳ್ಳಲು ಬಂದ ಗಿರಾಕಿಗಳು ಅಚ್ಚನ್ನು ಬಿಟ್ಟು ಗಾಡಿಯನ್ನೇ ನೋಡಿ, ನಮಗೂ ಒಂದು ಮಾಡಿಕೊಡಿ ಎಂದರು. ಇನ್ನು ಬೀಗಕ್ಕೆ ಹೆಸರಾದ ಯೇಲ್ ಕಂಪನಿ 1923ರಲ್ಲಿ ಮಾರುಕಟ್ಟೆಗೆ ತಂದ ಬ್ಯಾಟರಿ ಗಾಡಿಯಲ್ಲಿ ನಾಲಿಗೆಗಳು ನೆಲದಿಂದ ಮೇಲೇರುತ್ತಿದ್ದವು, ಕಂಬವೂ ಗಾಡಿಗಿಂತ ಎತ್ತರಕ್ಕೆ ಬೆಳೆಯುತ್ತಿತ್ತು. ಇಂದಿನ ಫೋರ್ಕ್‌ಲಿಫ್ಟಿನ ಚಹರೆ ಮೊದಲು ಕಾಣಿಸಿದ್ದು ಅದರಲ್ಲೇ ಎಂದು ಹೇಳುವವರು ಹೆಚ್ಚು.

ನಾಲಿಗೆ ಬಂದರೆ ಸಾಲದು, ನಾಲಿಗೆ ಚಾಚಲು ಸರಕಿನ ಕೆಳಗೆ ಸಂದು ಬೇಕು. ಆ ಸಂದನ್ನು ಒದಗಿಸಿದ್ದು ಪ್ಯಾಲೆಟ್ ಎಂಬ ಮರದ ಹಲಗೆ. ಎರಡು ಪದರ ಹಲಗೆ, ನಡುವೆ ಅಡ್ಡಮರ. ಇಷ್ಟು ಸಾಮಾನ್ಯವಾದ ವಸ್ತುವೊಂದು ಎರಡನೇ ಮಹಾಯುದ್ಧದ ಗತಿಗೆ ಸಹಾಯ ಮಾಡಿತು ಎಂದರೆ ನಗು ಬರಬಹುದು. ಆದರೆ ಅಮೆರಿಕದ ಸೈನ್ಯ ಸಾಗರದಾಚೆಗೆ ಸಾಗಿಸಿದ ಆಹಾರ, ಮದ್ದುಗುಂಡುಗಳಲ್ಲಿ ಬಹಳಷ್ಟು ಹೋದದ್ದು ಪ್ಯಾಲೆಟ್ ಮತ್ತು ಫೋರ್ಕ್‌ಲಿಫ್ಟಿನ ಜೋಡಿಯ ಮೇಲೆ. ಆ ಉಗ್ರಾಣಗಳಲ್ಲಿ ಗಾಡಿ ನಡೆಸಿದವರಲ್ಲಿ ಹೆಂಗಸರೂ ಇದ್ದರು. ಯುದ್ಧ ಮುಗಿದಾಗ ಅಮೆರಿಕನ್ನರು ಆಸ್ಟ್ರೇಲಿಯದಲ್ಲಿ ಬಿಟ್ಟುಹೋದ ಗಾಡಿ, ಹಲಗೆಗಳನ್ನು ಅಲ್ಲಿನ ಸರ್ಕಾರ ಒಂದು ಸಂಸ್ಥೆ ಮಾಡಿ ಬಾಡಿಗೆಗೆ ಕೊಡತೊಡಗಿತು. 1958ರಲ್ಲಿ ಅದನ್ನು ಬ್ರಾಂಬಲ್ಸ್ ಎಂಬ ಖಾಸಗಿ ಕಂಪನಿ ಕೊಂಡಿತು. ಇವತ್ತು ಲೋಕದ ನಾನಾ ದೇಶಗಳಲ್ಲಿ ಕಾಣುವ ನೀಲಿ ಬಣ್ಣದ ಚೆಪ್ ಪ್ಯಾಲೆಟ್‌ಗಳು ಆ ಸೇನಾ ಉಳಿಕೆಯ ಸಂತಾನ. ಯುರೋಪಿನ ರೈಲ್ವೆಗಳು 1961ರಲ್ಲಿ 800ಕ್ಕೆ 1,200 ಮಿಲಿಮೀಟರಿನ ಅಳತೆಯೊಂದನ್ನು ಒಪ್ಪಿಕೊಂಡವು. ಅಷ್ಟರಲ್ಲಿ ಹಡಗಿನ ಕಂಟೇನರ್ ಕೂಡ ಬಂದಿತ್ತು.

ಯುದ್ಧಾನಂತರದ ವ್ಯಾಪಾರಿಗಳಿಗೆ ಇನ್ನೊಂದು ಚಿಂತೆ ಹತ್ತಿತು. ಗೋದಾಮಿಗೆ ನೆಲದ ಬಾಡಿಗೆ ಕಟ್ಟಬೇಕು, ಆಕಾಶಕ್ಕೆ ಬಾಡಿಗೆಯಿಲ್ಲ. ಸರಕನ್ನು ಅಗಲಕ್ಕೆ ಹರಡುವ ಬದಲು ಎತ್ತರಕ್ಕೆ ಪೇರಿಸಿದರೆ, ಸಾಲುಗಳ ನಡುವಿನ ಓಣಿಯನ್ನು ಕಿರಿದು ಮಾಡಿದರೆ ಅಷ್ಟೂ ಲಾಭ. ಓಣಿ ಕಿರಿದಾದಂತೆ ಗಾಡಿಯ ಆಕಾರ ಬದಲಾಯಿತು. ಹೀಗೆ 1950ರ ದಶಕದಿಂದೀಚೆಗೆ ಒಂದು ಗಾಡಿಯಿದ್ದ ಕಡೆ ಒಂದು ಕುಟುಂಬವೇ ಹುಟ್ಟಿಕೊಂಡಿತು. ಹಿಂಬದಿಯ ತೂಕದಿಂದ ಸಮತೋಲ ಕಾಯುವ, ಕುಳಿತು ಓಡಿಸುವ ಗಾಡಿ ಹಿರಿಯಣ್ಣ. ಕಿರಿದಾದ ಓಣಿಯಲ್ಲಿ ನುಸುಳಿ, ನಾಲಿಗೆಯನ್ನು ಮುಂದಕ್ಕೆ ನೀಡಿ ಸರಕು ತೆಗೆಯುವ ರೀಚ್ ಟ್ರಕ್ ಇನ್ನೊಂದು. ಅದರಲ್ಲಿ ಹಲವನ್ನು ನಿಂತುಕೊಂಡೇ ಓಡಿಸಬೇಕು. ಆರ್ಡರ್ ಪಿಕರ್ ಎಂಬುದರಲ್ಲಿ ಸರಕಿನ ಜೊತೆಗೆ ಚಾಲಕನೇ ಮೇಲಕ್ಕೆ ಏರುತ್ತಾನೆ, ಆದ್ದರಿಂದ ಸೊಂಟಕ್ಕೋ ಬೆನ್ನಿಗೋ ಪಟ್ಟಿ ಬಿಗಿದುಕೊಳ್ಳಬೇಕು. ಹಿಡಿಕೆ ಹಿಡಿದು ಜೊತೆಗೆ ನಡೆಯುತ್ತ ಹೋಗುವ ಪ್ಯಾಲೆಟ್ ಟ್ರಕ್ ಎಲ್ಲರಿಗಿಂತ ಕಿರಿಯ. ಅದಕ್ಕೆ ಹೆದರುವವರು ಯಾರೂ ಇಲ್ಲ, ಹಾಗಾಗಿಯೇ ಅದು ಕಾಲಿನ ಬೆರಳುಗಳನ್ನು ಬಹಳ ತಿಂದಿದೆ. ಕಟ್ಟಡ ಕಟ್ಟುವ ಕಡೆ ಕಲ್ಲುಮಣ್ಣಿನ ಮೇಲೆ ಓಡುವ ದೊಡ್ಡ ಚಕ್ರದ ಗಾಡಿ ಮತ್ತೊಂದು. ಅಮೆರಿಕದವರು ಇವನ್ನೆಲ್ಲ ಏಳು ವರ್ಗವಾಗಿ ವಿಂಗಡಿಸಿದ್ದಾರೆ. ಹೆಸರು ಎಲ್ಲಕ್ಕೂ ಒಂದೇ, ಸ್ವಭಾವ ಮಾತ್ರ ಬೇರೆ ಬೇರೆ.

ಸ್ವಭಾವ ತಿಳಿಯಬೇಕಾದರೆ ಹಿರಿಯಣ್ಣನಿಂದಲೇ ಶುರು ಮಾಡಬೇಕು. ನಮ್ಮ ಹಳ್ಳಿಯ ಹಿರಿಯರಿಗೆ ಏತ ಗೊತ್ತು. ನಡುವೆ ಆನಿಕೆ, ಒಂದು ತುದಿಗೆ ನೀರಿನ ಬಾನಿ, ಇನ್ನೊಂದು ತುದಿಗೆ ಕಲ್ಲಿನ ಭಾರ. ಕೆಲವು ಕಡೆ ಆ ಮರದ ಮೇಲೆ ಮನುಷ್ಯನೇ ಹಿಂದೆ ಮುಂದೆ ನಡೆದು ಭಾರವಾಗುತ್ತಿದ್ದ. ಫೋರ್ಕ್‌ಲಿಫ್ಟ್ ಎಂದರೆ ಚಕ್ರ ಕಟ್ಟಿದ ಏತ. ಮುಂದಿನ ಚಕ್ರಗಳೇ ಆನಿಕೆ. ಸರಕು ಆನಿಕೆಯ ಮುಂದೆ, ಎರಕದ ಕಬ್ಬಿಣದ ದಪ್ಪ ತುಂಡು ಹಿಂದೆ. ಸರಕಿನ ತೂಕವೊಂದೇ ಅಲ್ಲ, ಅದು ಆನಿಕೆಯಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ಮೀಟರ್ ಉದ್ದದ ಪೆಟ್ಟಿಗೆಯಲ್ಲಿ ಎರಡೂವರೆ ಟನ್ ಎತ್ತಬಲ್ಲ ಗಾಡಿ, ಪೆಟ್ಟಿಗೆ ಒಂದೂವರೆ ಮೀಟರ್ ಉದ್ದವಾದರೆ ಸುಮಾರು ಎರಡು ಟನ್ ಮಾತ್ರ ಎತ್ತೀತು. ಮಿಕ್ಕ ಅರ್ಧ ಟನ್ನನ್ನು ಹಟದಿಂದ ಎತ್ತಲು ಹೋದರೆ ಹಿಂದಿನ ಚಕ್ರಗಳು ನೆಲ ಬಿಡುತ್ತವೆ. ಆಗ ಕೆಲವರು ಮಾಡುವ ಉಪಾಯ ಏತದವನ ಉಪಾಯವೇ: ಇಬ್ಬರನ್ನು ಕರೆದು ಹಿಂಬದಿಯ ಮೇಲೆ ಹತ್ತಿಸಿ ನಿಲ್ಲಿಸುವುದು. ಏತದಲ್ಲಿ ಕಾಲು ಜಾರಿದರೆ ಬಾವಿಗೆ ಬೀಳುತ್ತಿದ್ದರು, ಇಲ್ಲಿ ಚಕ್ರದಡಿಗೆ.

ಇಷ್ಟು ಅಂದಾಜಿಗೆ ಸಿಗುತ್ತದೆ. ಅಂದಾಜಿಗೆ ಸಿಗದ್ದು ಪಕ್ಕಕ್ಕೆ ಬೀಳುವ ಕಥೆ. ಗಾಡಿಗೆ ನಾಲ್ಕು ಚಕ್ರವಿದ್ದರೂ ಅದು ನಿಂತಿರುವುದು ಮೂರು ಬಿಂದುಗಳ ಮೇಲೆ. ಮುಂದಿನ ಎರಡು ಚಕ್ರ ಎರಡು ಬಿಂದು. ಹಿಂದಿನ ಅಚ್ಚು ನಡುವಿನಲ್ಲಿ ಒಂದು ಗೂಟಕ್ಕೆ ಮಾತ್ರ ಸಿಕ್ಕಿಸಿದ್ದು, ಆದ್ದರಿಂದ ಅಲ್ಲಿ ಒಂದೇ ಬಿಂದು. ಮೂರು ಕಲ್ಲಿನ ಒಲೆಯ ಹಾಗೆ. ಒಲೆ ಯಾವ ನೆಲದಲ್ಲೂ ಅಲ್ಲಾಡುವುದಿಲ್ಲ, ಆದರೆ ಪಾತ್ರೆಯ ಭಾರ ಮೂರು ಕಲ್ಲುಗಳ ನಡುವಿನಿಂದ ಆಚೆಗೆ ಸರಿದರೆ ಮಗುಚಿತು. ಸರಕನ್ನು ಮೇಲೆತ್ತಿಕೊಂಡು ತಿರುವಿನಲ್ಲಿ ಹೋದರೆ ಭಾರದ ಕೇಂದ್ರ ಮೇಲೇರಿ, ಪಕ್ಕಕ್ಕೆ ವಾಲಿ, ತ್ರಿಕೋನದ ಗೆರೆ ದಾಟುತ್ತದೆ. ವಿಚಿತ್ರವೆಂದರೆ ಸರಕು ಇಲ್ಲದ ಖಾಲಿ ಗಾಡಿ ಪಕ್ಕಕ್ಕೆ ಬೀಳುವುದು ಇನ್ನೂ ಸುಲಭ. ಖಾಲಿಯಿದ್ದಾಗ ಭಾರವೆಲ್ಲ ಹಿಂಬದಿಯ ಕಬ್ಬಿಣದಲ್ಲಿ, ಅಂದರೆ ತ್ರಿಕೋನದ ಚೂಪಾದ ತುದಿಯ ಹತ್ತಿರ ಇರುತ್ತದೆ. ಅಲ್ಲಿ ತ್ರಿಕೋನದ ಅಗಲವೇ ಕಡಿಮೆ. ಊಟದ ಗಂಟೆ ಹೊಡೆದ ಮೇಲೆ ಖಾಲಿ ಗಾಡಿಯನ್ನು ಬಿರ್ರನೆ ತಿರುಗಿಸಿಕೊಂಡು ಬರುವ ಹುಡುಗನಿಗೆ ಇದನ್ನು ಯಾರಾದರೂ ಹೇಳದೆ ತಾನಾಗಿ ತಿಳಿಯುವುದಿಲ್ಲ.

ಇನ್ನು ಕಾರು, ಲಾರಿ ಓಡಿಸಿ ಬಂದವನಿಗೆ ತಾನು ಕಲಿತದ್ದೇ ಶತ್ರು. ಇದರ ತಿರುಗುವ ಚಕ್ರಗಳು ಹಿಂದಿನವು. ಮುಂಭಾಗ ಬಲಕ್ಕೆ ತಿರುಗಿದರೆ ಹಿಂಭಾಗ ಎಡಕ್ಕೆ ಬೀಸುತ್ತದೆ. ಪಕ್ಕದಲ್ಲಿ ಲೆಕ್ಕಪುಸ್ತಕ ಹಿಡಿದು ನಿಂತವರನ್ನು ಗೋಡೆಗೆ ಒತ್ತುವುದು ಆ ಹಿಂಭಾಗವೇ. ಇಳಿಜಾರಿನಲ್ಲಿ ಸರಕು ಹೊತ್ತು ಇಳಿಯುವಾಗ ಮುಖ ಕೆಳಗೆ ಮಾಡಬಾರದು, ಹಿಮ್ಮುಖವಾಗಿ ಇಳಿಯಬೇಕು, ಸರಕು ಯಾವಾಗಲೂ ಏರಿನ ಕಡೆಗಿರಬೇಕು. ಖಾಲಿಯಿದ್ದರೆ ಇದರ ತದ್ವಿರುದ್ಧ. ಎದುರಿಗೆ ಸರಕು ಕಣ್ಣಿಗೆ ಅಡ್ಡ ಬಂದರೆ ಸಮತಟ್ಟಿನಲ್ಲೂ ಹಿಂದಕ್ಕೆ ನೋಡುತ್ತ ಹಿಮ್ಮುಖವಾಗಿಯೇ ಓಡಿಸಬೇಕು. ಎಂಟು ಗಂಟೆ ಕತ್ತು ಹೊರಳಿಸಿ ಕೂರುವವನ ಕತ್ತಿನ ಗತಿ ಏನು ಎಂದು ಯಾವ ನಿಯಮಾವಳಿಯೂ ಕೇಳುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಇರುವಾಗ ಕಾನೂನು ಏನು ಮಾಡುತ್ತಿತ್ತು? ಅಮೆರಿಕದಲ್ಲಿ ತಯಾರಕರೂ ಎಂಜಿನಿಯರರೂ ಸೇರಿ ಒಪ್ಪಿಕೊಂಡ ಮಾನಕಗಳಿದ್ದವು, ಅವು ಕಡ್ಡಾಯವಾಗಿರಲಿಲ್ಲ. 1970ರಲ್ಲಿ ಅಲ್ಲಿ ಕಾರ್ಮಿಕರ ಸುರಕ್ಷತೆಗೆಂದೇ ಒಂದು ಕಾಯ್ದೆ ಬಂತು. ಅದರಿಂದ ಹುಟ್ಟಿದ ಓಷಾ ಎಂಬ ಇಲಾಖೆ 1971ರಲ್ಲಿ ಹಳೆಯ ಮಾನಕಗಳನ್ನು ಎತ್ತಿಕೊಂಡು ಕಾನೂನಿನ ಬಲ ಕೊಟ್ಟಿತು. ಆ ನಿಯಮವನ್ನು ಓದಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಡೀಸೆಲ್, ಪೆಟ್ರೋಲ್, ಗ್ಯಾಸ್, ವಿದ್ಯುತ್ ಎಂದು ಗಾಡಿಗಳನ್ನು ಹನ್ನೊಂದು ಬಗೆಯಾಗಿ ವಿಂಗಡಿಸಿ, ಯಾವ ಹೊಗೆ, ಯಾವ ಧೂಳು, ಯಾವ ಆವಿ ಇರುವ ಕಡೆ ಯಾವ ಅಕ್ಷರದ ಗಾಡಿ ಹೋಗಬಹುದು, ಯಾವುದು ಹೋಗಬಾರದು ಎಂದು ಕೋಷ್ಟಕಗಳ ಸಮೇತ ಪುಟಗಟ್ಟಲೆ ಬರೆದಿದ್ದಾರೆ. ಬೆಂಕಿಯ ಭಯ, ಅಂದರೆ ಸರಕು ಮತ್ತು ಕಟ್ಟಡ ಸುಟ್ಟುಹೋಗುವ ಭಯ ಮೊದಲೇ ಇತ್ತು, ಅದಕ್ಕೆ ವಿಮೆಯವರ ಒತ್ತಾಯವೂ ಇದ್ದಿರಬೇಕು. ಚಾಲಕನ ತರಬೇತಿಗೆ ಸಿಕ್ಕಿದ್ದು ಎರಡೇ ವಾಕ್ಯ: ತರಬೇತಿ ಪಡೆದು ಅಧಿಕಾರ ಪಡೆದವರು ಮಾತ್ರ ಓಡಿಸಬೇಕು, ಅಂಥ ತರಬೇತಿಗೆ ವಿಧಾನಗಳನ್ನು ರೂಪಿಸಿಕೊಳ್ಳಬೇಕು. ಯಾವ ತರಬೇತಿ, ಎಷ್ಟು, ಯಾರಿಂದ, ಯಾವ ಗಾಡಿಯ ಮೇಲೆ? ಒಂದೂ ಇಲ್ಲ. ಮಾಲೀಕ ಒಂದು ಮಧ್ಯಾಹ್ನ ಸಿನಿಮಾ ತೋರಿಸಿ ಸಹಿ ಹಾಕಿಸಿಕೊಂಡರೂ ನಿಯಮ ಪಾಲಿಸಿದಂತೆಯೇ. ಈ ಎರಡು ವಾಕ್ಯಗಳು ಇಪ್ಪತ್ತೇಳು ವರ್ಷ ಹಾಗೆಯೇ ಉಳಿದವು.

ಆ ಅವಧಿಯ ಲೆಕ್ಕ ನಮ್ಮ ಮುಂದಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆಯಾದ ನಯಾಷ್, ಮರಣಪತ್ರಗಳನ್ನು ಆಧರಿಸಿ 1980ರಿಂದ 1994ರವರೆಗಿನ ಹದಿನೈದು ವರ್ಷಗಳಲ್ಲಿ ಫೋರ್ಕ್‌ಲಿಫ್ಟಿಗೆ ಸಂಬಂಧಿಸಿದ ಗಾಯಗಳಿಂದ 1,021 ಕಾರ್ಮಿಕರು ಸತ್ತರೆಂದು ಎಣಿಸಿತು. ಅದರಲ್ಲಿ ನೂರಕ್ಕೆ ಇಪ್ಪತ್ತೆರಡು ಗಾಡಿ ಮಗುಚಿ ಸತ್ತವರು. ನೂರಕ್ಕೆ ಇಪ್ಪತ್ತು ಮಂದಿ ನಡೆದುಹೋಗುತ್ತಿದ್ದಾಗ ಗಾಡಿ ಬಡಿದು ಸತ್ತರು; ಗಾಡಿಗೆ ಸಿಕ್ಕಿ ಜಜ್ಜಿಹೋದವರು ಹದಿನಾರು, ಗಾಡಿಯಿಂದ ಬಿದ್ದವರು ಒಂಬತ್ತು. ಗಾಡಿ ಓಡಿಸದೆಯೂ, ಸುಮ್ಮನೆ ಅದರ ದಾರಿಯಲ್ಲಿ ಇದ್ದುದಕ್ಕೆ ಸತ್ತವರು ಇಷ್ಟು ಮಂದಿ ಎಂಬುದನ್ನು ಗಮನಿಸಬೇಕು.

ಮಗುಚಿ ಸತ್ತವರ ಕಥೆಯಲ್ಲಿ ಒಂದು ಕ್ರೂರ ವ್ಯಂಗ್ಯವಿದೆ. ಗಾಡಿ ನಿಧಾನವಾಗಿ ಪಕ್ಕಕ್ಕೆ ವಾಲತೊಡಗಿದಾಗ ಯಾವ ಮನುಷ್ಯನಿಗಾದರೂ ಬರುವ ಬುದ್ಧಿ ಹಾರಿ ತಪ್ಪಿಸಿಕೊಳ್ಳುವುದು. ಆತ ಹಾರುವುದು ವಾಲುವ ಕಡೆಗೇ, ಯಾಕೆಂದರೆ ದೇಹ ಆಗಲೇ ಆ ಕಡೆ ಜಾರಿರುತ್ತದೆ. ಆತ ನೆಲ ಮುಟ್ಟಿ ಏಳುವಷ್ಟರಲ್ಲಿ ತಲೆಯ ಮೇಲಿನ ಸರಳಿನ ಚಪ್ಪರ ಬಂದು ಕುತ್ತಿಗೆಯ ಮೇಲೋ ಎದೆಯ ಮೇಲೋ ಬೀಳುತ್ತದೆ. ಮೇಲಿನಿಂದ ಸರಕು ಬಿದ್ದರೆ ಜೀವ ಉಳಿಯಲಿ ಎಂದು ಕಟ್ಟಿದ ಚಪ್ಪರ ಅದು. ಸೀಟಿನಲ್ಲೇ ಉಳಿದವರು ಬಹುಮಟ್ಟಿಗೆ ಬದುಕಿಕೊಂಡರು. ಆದ್ದರಿಂದ ಹೇಳಿಕೊಡುವ ಪಾಠ ಹೀಗಿದೆ: ಹಾರಬೇಡ, ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿ, ಕಾಲುಗಳನ್ನು ಒತ್ತಿ ಊರು, ಗಾಡಿ ಬೀಳುವ ಕಡೆಗೆ ವಿರುದ್ಧವಾಗಿ ವಾಲು. ಪಾಠವನ್ನು ದೇಹ ಮರೆತೀತೆಂದು ಸೀಟಿನ ಪಟ್ಟಿ ಬಂತು. ಅಮೆರಿಕದಲ್ಲಿ 1980ರ ದಶಕದಲ್ಲಿ ತಯಾರಕರು ಪಟ್ಟಿ ಅಳವಡಿಸತೊಡಗಿದರು, ಮುಂದಿನ ದಶಕದ ಆರಂಭದಲ್ಲಿ ಮಾನಕವೂ ಅದನ್ನು ಕೇಳಿತು. ದಿನಕ್ಕೆ ನೂರು ಸಲ ಹತ್ತಿ ಇಳಿಯುವವರು ನೂರು ಸಲ ಪಟ್ಟಿ ಕಟ್ಟಿಕೊಳ್ಳುವುದು ಸುಲಭವೇನಲ್ಲ. ಪಟ್ಟಿಯನ್ನು ಮೊದಲೇ ಬಿಗಿದು ಅದರ ಮೇಲೆ ಕೂರುವ ಚಾಲಕರು ಎಲ್ಲ ದೇಶಗಳಲ್ಲೂ ಇದ್ದಾರೆ.

ಈಗ ಇದೇ ಚಾಲಕನನ್ನು ಪಕ್ಕದ ಗೋದಾಮಿನ ನಿಂತು ಓಡಿಸುವ ರೀಚ್ ಟ್ರಕ್ಕಿಗೆ ಕಳಿಸಿ ನೋಡಿ. ಅಲ್ಲಿ ಸೀಟಿಲ್ಲ, ಪಟ್ಟಿಯಿಲ್ಲ, ಹಿಂದಿನಿಂದ ಹತ್ತುವ ತೆರೆದ ಬಾಗಿಲಿದೆ. ಅದು ಉರುಳಿದರೆ ಒಳಗೆ ಹಿಡಿದುಕೊಂಡು ನಿಲ್ಲುವುದಲ್ಲ, ಹಿಂದಕ್ಕೆ ಹೆಜ್ಜೆ ಇಟ್ಟು ಗಾಡಿಯಿಂದ ದೂರ ಸರಿಯಬೇಕು. ಮೊದಲ ಗಾಡಿಯಲ್ಲಿ ಎರಡು ವರ್ಷ ಕಷ್ಟಪಟ್ಟು ರೂಢಿಸಿಕೊಂಡ ಪಾಠ ಇಲ್ಲಿ ತಪ್ಪು ಪಾಠ. ಆರ್ಡರ್ ಪಿಕರ್‌ನಲ್ಲಿ ಮೇಲೇರಿ ನಿಂತವನಿಗೆ ಈ ಎರಡೂ ಸಲಹೆ ಉಪಯೋಗವಿಲ್ಲ, ಆತನ ಜೀವ ಬೆನ್ನಿಗೆ ಕಟ್ಟಿದ ಪಟ್ಟಿಯಲ್ಲಿದೆ. "ಫೋರ್ಕ್‌ಲಿಫ್ಟ್ ಗೊತ್ತು" ಎನ್ನುವ ಮಾತಿಗೆ ಅರ್ಥವಿಲ್ಲ, ಯಾವ ಫೋರ್ಕ್‌ಲಿಫ್ಟ್ ಗೊತ್ತು ಎಂದು ಕೇಳಬೇಕು ಎಂದು ಸುರಕ್ಷತೆಯವರು ಪಟ್ಟು ಹಿಡಿದದ್ದು ಇದಕ್ಕಾಗಿ.

ಪಟ್ಟು ಹಿಡಿದವರಿಗೆ ಎದುರಾದ ಪ್ರಶ್ನೆ, ಕಲಿಸಿದರೆ ನಿಜವಾಗಿ ಪ್ರಯೋಜನ ಇದೆಯೇ ಎಂಬುದು. ಅಪಘಾತ ದಿನವೂ ಆಗುವುದಿಲ್ಲ, ಆದ್ದರಿಂದ ಅದನ್ನು ಎಣಿಸಿ ತರಬೇತಿಯ ಗುಣ ಅಳೆಯುವುದು ಕಷ್ಟ. 1984ರಲ್ಲಿ ಕೋಹೆನ್ ಮತ್ತು ಜೆನ್ಸನ್ ಎಂಬ ಇಬ್ಬರು ಸಂಶೋಧಕರು ಪ್ರಕಟಿಸಿದ ಅಧ್ಯಯನ ಬೇರೆ ದಾರಿ ಹಿಡಿಯಿತು. ಅವರು ಅಪಘಾತಗಳನ್ನು ಎಣಿಸಲಿಲ್ಲ, ತಪ್ಪುಗಳನ್ನು ಎಣಿಸಿದರು. ಎರಡು ಗೋದಾಮುಗಳಲ್ಲಿ ಚಾಲಕರ ಕೆಲಸವನ್ನು ತರಬೇತಿಗೆ ಮುಂಚೆ, ಆಮೇಲೆ, ಮತ್ತೆ ಕೆಲವು ತಿಂಗಳು ಕಳೆದು ಗಮನಿಸಿದರು. ತಿರುವಿನಲ್ಲಿ ಹಾರನ್ ಹಾಕಿದನೋ ಇಲ್ಲವೋ, ಹಿಂದಕ್ಕೆ ಹೋಗುವ ಮುಂಚೆ ಕತ್ತು ತಿರುಗಿಸಿದನೋ ಇಲ್ಲವೋ, ಇಂಥವೇ. ತರಬೇತಿಯ ನಂತರ ತಪ್ಪುಗಳು ಇಳಿದವು, ತಿಂಗಳುಗಳ ಮೇಲೂ ಇಳಿದೇ ಇದ್ದವು. ನನ್ನ ಮಟ್ಟಿಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ವಿವೇಕದ ಹೆಜ್ಜೆ ಇದು. ಸಾವು ಸಂಭವಿಸುವವರೆಗೆ ಕಾಯದೆ ಕತ್ತು ತಿರುಗಿಸುವುದನ್ನು ಎಣಿಸುವುದು.

ಬೇರೆ ದೇಶಗಳು ಅಮೆರಿಕಕ್ಕಿಂತ ಮುಂಚೆ ಎಚ್ಚೆತ್ತಿದ್ದವು. ಜಪಾನಿನಲ್ಲಿ 1972ರ ಔದ್ಯೋಗಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಒಂದು ಟನ್ ಅಥವಾ ಅದಕ್ಕಿಂತ ಹೆಚ್ಚು ಎತ್ತುವ ಗಾಡಿ ನಡೆಸಲು ಕೌಶಲ ತರಬೇತಿ ಮುಗಿಸಿರಬೇಕು. ಏನೂ ತಿಳಿಯದವನಿಗೆ 35 ಗಂಟೆ, ಕಾರಿನ ಲೈಸೆನ್ಸ್ ಇದ್ದವನಿಗೆ 31 ಗಂಟೆ. ಗಾಡಿ ನಡೆಸುವ ಅಭ್ಯಾಸದ 24 ಗಂಟೆಯಲ್ಲಿ ಇಬ್ಬರಿಗೂ ವಿನಾಯಿತಿ ಇಲ್ಲ. ಕಾರು ಬರುತ್ತದೆಂದು ಕಡಿಮೆಯಾಗುವುದು ತರಗತಿಯ ಪಾಠ ಮಾತ್ರ. ಬ್ರಿಟನ್ನಿನಲ್ಲಿ 1988ರಲ್ಲಿ ಪ್ರಕಟವಾಗಿ ಮರುವರ್ಷ ಜಾರಿಗೆ ಬಂದ ಸಂಹಿತೆ ತರಬೇತಿಯನ್ನು ಮೂರು ಹಂತ ಮಾಡಿತು. ಮೊದಲು ಗಾಡಿಯ ಮೂಲಪಾಠ. ಆಮೇಲೆ ಆ ಕೆಲಸದ ಪಾಠ, ಅಂದರೆ ಆ ಗೋದಾಮಿನ ಕಪಾಟು, ಆ ಸರಕು, ಆ ಇಳಿಜಾರು. ಕೊನೆಗೆ ಮೇಲ್ವಿಚಾರಕನ ಕಣ್ಣೆದುರಿಗೆ ನಿಜವಾದ ಕೆಲಸದಲ್ಲಿ ಪಳಗುವುದು. ನಮ್ಮಲ್ಲಿ ವೈದ್ಯರನ್ನು ತಯಾರು ಮಾಡುವ ಕ್ರಮವೂ ಹೆಚ್ಚು ಕಡಿಮೆ ಇದೇ.

ಅಮೆರಿಕದಲ್ಲಿ ಓಷಾ 1995ರ ಮಾರ್ಚ್‌ನಲ್ಲಿ ಹೊಸ ನಿಯಮದ ಕರಡು ಹೊರಡಿಸಿತು. 1998ರ ಡಿಸೆಂಬರ್ 1ರಂದು ಅಂತಿಮ ನಿಯಮ ಬಂತು, ಒಂದು ವರ್ಷದ ಕಾಲಾವಕಾಶ ಕೊಟ್ಟರು. ಅದರಿಂದ ವರ್ಷಕ್ಕೆ 11 ಸಾವು, 9,422 ಗಾಯಗಳು ತಪ್ಪಬಹುದೆಂದು ಇಲಾಖೆ ಅಂದಾಜು ಮಾಡಿತ್ತು. ಸುಮಾರು 15 ಲಕ್ಷ ಚಾಲಕರಿಗೆ ಅದು ಅನ್ವಯಿಸುತ್ತಿತ್ತು. ಹಳೆಯ ಎರಡು ವಾಕ್ಯಗಳ ಜಾಗದಲ್ಲಿ ಈಗ ಪಾಠಗಳ ಪಟ್ಟಿಯೇ ಇದೆ. ಪಟ್ಟಿಯ ಆರಂಭದಲ್ಲೇ ಬರುವ ವಿಷಯಗಳಲ್ಲೊಂದು, ಈ ಗಾಡಿಗೂ ಕಾರಿಗೂ ಇರುವ ವ್ಯತ್ಯಾಸ. ಪಟ್ಟಿಯ ಅರ್ಧ ಗಾಡಿಯ ಕುರಿತು, ಇನ್ನರ್ಧ ಕೆಲಸದ ಜಾಗದ ಕುರಿತು: ನೆಲ ಹೇಗಿದೆ, ಓಣಿ ಎಷ್ಟಗಲ, ಜನ ಎಲ್ಲಿ ಓಡಾಡುತ್ತಾರೆ, ಗಾಳಿ ಆಡದ ಕೋಣೆಯಲ್ಲಿ ಎಂಜಿನ್ನಿನ ವಿಷಾನಿಲ ನಿಲ್ಲುತ್ತದೆಯೇ. ಮೂರು ವರ್ಷಕ್ಕೊಮ್ಮೆ ಚಾಲಕನ ಕೆಲಸವನ್ನು ನೋಡಿ ಅಳೆಯಬೇಕು. ಅಪಘಾತವಾದರೆ ಮಾತ್ರವಲ್ಲ, ಕೂದಲೆಳೆಯಲ್ಲಿ ಅಪಘಾತ ತಪ್ಪಿದರೂ, ಬೇರೆ ಬಗೆಯ ಗಾಡಿಗೆ ಬದಲಾಯಿಸಿದರೂ ಮತ್ತೆ ಪಾಠ ಹೇಳಬೇಕು. ಒಂದು ವಿಚಾರ ಮಾತ್ರ ಓದುಗರು ಗಮನಿಸಬೇಕು: ಈ ನಿಯಮದಲ್ಲಿ ಸರ್ಕಾರ ಲೈಸೆನ್ಸ್ ಕೊಡುವುದಿಲ್ಲ. ಈತನಿಗೆ ಗಾಡಿ ಬರುತ್ತದೆ ಎಂದು ಬರೆದುಕೊಡುವವನು ಮಾಲೀಕನೇ. ಸರಕು ಬೇಗ ಇಳಿಯಲಿ ಎಂದು ಅವಸರಪಡಿಸುವವನೂ ಅವನೇ.

ಸುರಕ್ಷತೆಯ ಪಾಠ ಎಲ್ಲ ದೇಶಗಳಲ್ಲೂ ಬೇಸರದ ಪಾಠ. ಜರ್ಮನಿಯಲ್ಲಿ ಈ ಬೇಸರವನ್ನೇ ಹಿಡಿದು 2000ದ ಸುಮಾರಿಗೆ ಇಬ್ಬರು ನಿರ್ದೇಶಕರು ಒಂದು ಕಿರುಚಿತ್ರ ಮಾಡಿದರು. ಹೆಸರು 'ಷ್ಟಾಪ್ಲರ್‌ಫಾರರ್ ಕ್ಲಾಸ್', ಅಂದರೆ ಫೋರ್ಕ್‌ಲಿಫ್ಟ್ ಚಾಲಕ ಕ್ಲಾಸ್. ಅಂದಷ್ಟೇ ಸರ್ಟಿಫಿಕೇಟ್ ಪಡೆದ ಕ್ಲಾಸ್ ಎಂಬ ಹುಡುಗನ ಮೊದಲ ದಿನ. ಚಿತ್ರ ಹಳೆಯ ತರಬೇತಿ ಚಿತ್ರಗಳ ಗಂಭೀರ ಧಾಟಿಯಲ್ಲೇ ಶುರುವಾಗಿ, ಒಂದೊಂದು ತಪ್ಪಿಗೂ ಕೈ ಹೋಗಿ, ಕಾಲು ಹೋಗಿ, ಕೊನೆಗೆ ರಕ್ತದ ಓಕುಳಿಯಲ್ಲಿ ಮುಗಿಯುತ್ತದೆ. ಹಿನ್ನೆಲೆಯ ಮಾತು ಎಗಾನ್ ಹೋಗೆನ್ ಅವರದು. ಜರ್ಮನ್ ಟೆಲಿವಿಷನ್ನಿನ ರಸ್ತೆ ಸುರಕ್ಷತಾ ಕಾರ್ಯಕ್ರಮದಲ್ಲಿ ಮನೆಮನೆಗೆ ಪರಿಚಿತವಾಗಿದ್ದ ದನಿ. ಅದೇ ಶಾಂತ ದನಿ ಈ ಹತ್ಯಾಕಾಂಡವನ್ನೂ ವಿವರಿಸುತ್ತದೆ. ಅಣಕಕ್ಕೆ ಮಾಡಿದ್ದಾದರೂ ಹತ್ತು ನಿಮಿಷದಲ್ಲಿ ಅದು ತೋರಿಸುವ ತಪ್ಪುಗಳೆಲ್ಲ ಪಠ್ಯದಲ್ಲಿ ಇರುವಂಥವೇ, ನೋಡಿದವರು ಮರೆಯುವುದೂ ಇಲ್ಲ.

ಇನ್ನು ನಮ್ಮ ಕಡೆಗೆ. ಭಾರತದಲ್ಲಿ ಲಾರಿ ಓಡಿಸಲು ಆರ್.ಟಿ.ಓ. ಕಚೇರಿಯ ಲೈಸೆನ್ಸ್ ಬೇಕು. ಆದರೆ 1988ರ ಮೋಟಾರು ವಾಹನ ಕಾಯ್ದೆಯು ಮೋಟಾರು ವಾಹನ ಎಂದರೇನು ಎಂದು ಹೇಳುವಾಗ, ಕಾರ್ಖಾನೆ ಅಥವಾ ಆವರಣದೊಳಗೆ ಮಾತ್ರ ಬಳಸುವ ವಿಶೇಷ ಬಗೆಯ ವಾಹನವನ್ನು ಹೊರಗಿಡುತ್ತದೆ. ಗೇಟಿನ ಒಳಗೇ ಓಡಾಡುವ ಫೋರ್ಕ್‌ಲಿಫ್ಟ್ ಹೀಗೆ ಆ ಕಾಯ್ದೆಯ ಕೈಗೆ ಸಿಗುವುದಿಲ್ಲ. ಗೇಟಿನ ಒಳಗಿನದ್ದು ಕಾರ್ಖಾನೆ ಕಾಯ್ದೆಯ ರಾಜ್ಯ. 1948ರ ಆ ಕಾಯ್ದೆಗೆ ಭೋಪಾಲ ದುರಂತದ ಬಳಿಕ, 1987ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಸುರಕ್ಷತೆಯ ತರಬೇತಿ ಪಡೆಯುವುದು ಕಾರ್ಮಿಕನ ಹಕ್ಕು ಎಂದು ಸೇರಿಸಿದರು. 2020ರಲ್ಲಿ ಸಂಸತ್ತು ಒಪ್ಪಿದ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗವನ್ನು ತೆಗೆದುಕೊಂಡಿತು. ಹಕ್ಕು ಎಂಬ ಮಾತಿಗೂ ಗೋದಾಮಿನ ನೆಲಕ್ಕೂ ನಡುವೆ ಇರುವ ದೂರ ಮಾತ್ರ ಕಾಯ್ದೆ ಬದಲಾದಷ್ಟು ಬೇಗ ಬದಲಾಗುವುದಿಲ್ಲ.

ನಮ್ಮಲ್ಲಿ ಲಾರಿಯ ವಿದ್ಯೆ ಹಬ್ಬಿದ್ದು ಕ್ಲೀನರ್ ಹುಡುಗರ ಮೂಲಕ. ಲಾರಿ ತೊಳೆದು, ಹಗ್ಗ ಬಿಗಿದು, ಡ್ರೈವರಿಗೆ ಚಹ ತಂದುಕೊಟ್ಟು, ರಾತ್ರಿ ಖಾಲಿ ರಸ್ತೆಯಲ್ಲಿ ಸ್ವಲ್ಪ ಹೊತ್ತು ಸ್ಟಿಯರಿಂಗ್ ಹಿಡಿದು ಕಲಿತವರು ಅವರು. ಫೋರ್ಕ್‌ಲಿಫ್ಟ್ ಬಂದಾಗ ಇದೇ ಗುರುಕುಲ ಗೋದಾಮಿನೊಳಕ್ಕೂ ಬಂತು. ಚೀಲ ಹೊರುತ್ತಿದ್ದವನು ಊಟದ ಬಿಡುವಿನಲ್ಲಿ ಹಿಡಿಗಳನ್ನು ಆಡಿಸಿ ನೋಡುತ್ತಾನೆ. ಚಾಲಕ ರಜೆ ಹಾಕಿದ ದಿನ ಮೇಸ್ತ್ರಿ, "ನಿನಗೆ ಬರುತ್ತಲ್ಲಪ್ಪ, ಹತ್ತು" ಎನ್ನುತ್ತಾನೆ. ಬೆನ್ನ ಮೇಲೆ ಮೂಟೆ ಹೊರುವ ಕಷ್ಟದಿಂದ ಸೀಟಿನ ಮೇಲೆ ಕೂರುವ ಕೆಲಸಕ್ಕೆ ಬಡ್ತಿ ಸಿಕ್ಕರೆ ಬೇಡವೆನ್ನುವವರು ಯಾರು? ಈ ರೀತಿಯ ಕಲಿಕೆಯನ್ನು ಹೀಗಳೆಯುವುದು ಸುಲಭ, ಆದರೆ ಅದರಿಂದ ಬಹಳ ನುರಿತ ಚಾಲಕರೂ ಬಂದಿದ್ದಾರೆ. ಅದರಲ್ಲಿ ಕೊರತೆ ಇರುವುದು ಬೇರೆ ಕಡೆ. ನೋಡಿ ಕಲಿಯುವವನಿಗೆ ಪ್ರತಿದಿನ ಆಗುವುದು ಮಾತ್ರ ನೋಡಲು ಸಿಗುತ್ತದೆ. ಹತ್ತು ವರ್ಷಕ್ಕೊಮ್ಮೆ ಆಗುವುದು, ಅಂದರೆ ಗಾಡಿ ವಾಲುವ ಆ ಎರಡು ಸೆಕೆಂಡು, ಯಾವ ಗುರುವೂ ಮಾಡಿ ತೋರಿಸುವಂಥದ್ದಲ್ಲ. ಅದನ್ನು ಬಾಯಲ್ಲೇ ಹೇಳಬೇಕು.

ಕ್ರಮವಾಗಿ ಕಲಿಸುವ ಕಡೆ ಮೊದಲ ದಿನ ಕೀಲಿಕೈ ಕೊಡುವುದಿಲ್ಲ. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸುತ್ತಾರೆ. ನಾಲಿಗೆಯ ಬುಡದಲ್ಲಿ ಬಿರುಕಿದೆಯೇ, ಸರಪಳಿ ಸಡಿಲವಾಗಿದೆಯೇ, ಎಣ್ಣೆ ಸೋರಿದೆಯೇ, ಟೈರು ಹರಿದಿದೆಯೇ, ಹಾರನ್ ಕೂಗುತ್ತದೆಯೇ. ಬ್ಯಾಟರಿ ಗಾಡಿಯಾದರೆ ಚಾರ್ಜ್ ಮಾಡುವ ಕಡೆ ಬೀಡಿ ಸೇದಬೇಡ ಎನ್ನುತ್ತಾರೆ, ಯಾಕೆಂದರೆ ಅಲ್ಲಿ ಏಳುವ ಜಲಜನಕ ಒಂದು ಕಿಡಿಗೆ ಸಿಡಿಯುತ್ತದೆ. ಆಮೇಲೆ ಚಾಲಕನ ಎದುರಿಗಿರುವ ಒಂದು ಲೋಹದ ಫಲಕವನ್ನು ಓದಿಸುತ್ತಾರೆ. ಎಷ್ಟು ಎತ್ತರಕ್ಕೆ, ಎಷ್ಟು ದೂರದಲ್ಲಿ, ಎಷ್ಟು ಕಿಲೋ ಎತ್ತಬಹುದು ಎಂಬ ಲೆಕ್ಕವೆಲ್ಲ ಆ ಅಂಗೈಯಗಲದ ತಗಡಿನಲ್ಲಿದೆ. ಅದು ಓದಲು ಬರುವಂತಿರಬೇಕು ಎಂದು ಅಮೆರಿಕದ ನಿಯಮದಲ್ಲಿ ಪ್ರತ್ಯೇಕವಾಗಿ ಬರೆದೂ ಇದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಗೋದಾಮಿಗೆ ಹೋಗಿದ್ದಾಗ ಆ ಫಲಕವನ್ನು ಹುಡುಕಿದೆ. ಗಾಡಿ ಹಳೆಯದು, ಆದರೆ ಆಯುಧಪೂಜೆಗೆಂದು ಹೊಸದಾಗಿ ಬಣ್ಣ ಹೊಡೆಸಿದ್ದರು. ಚೆಂಡುಹೂವಿನ ಹಾರ ಇನ್ನೂ ಕಂಬಕ್ಕೆ ನೇತಾಡುತ್ತಿತ್ತು. ಚಾಲಕ ಸೀಟಿನಿಂದ ಇಳಿದು, ಡ್ಯಾಷ್‌ಬೋರ್ಡಿನ ಮೇಲೆ ಬೆರಳಾಡಿಸಿ, ಇಲ್ಲೇ ಇತ್ತು ಸಾರ್ ಎಂದ. ಹಳದಿ ಬಣ್ಣದ ಅಡಿಯಲ್ಲಿ ನಾಲ್ಕು ತಿರುಪುಮೊಳೆಯ ತಲೆಗಳು ಮಾತ್ರ ಕೈಗೆ ಸಿಕ್ಕಿದವು.